ವಿಡಿಯೋ ಸಭೆಗೆ ಸಂಘದ್ದೇ ಏರ್ಪಾಡು ಬೇಕು

ಮಳೆಗಾಲ ಹಿಡಿದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕುಗಳ ಬೆಳೆಗಾರರನ್ನು ಒಂದೆಡೆ ಕೂಡಿಸುವುದು ಎಷ್ಟು ಕಷ್ಟವೆಂಬುದು ಸಂಘದ ಕೆಲಸದಲ್ಲಿ ಓಡಾಡಿದವರಿಗೆಲ್ಲ ತಿಳಿದೇ ಇದೆ. ಸಿದ್ದಾಪುರದ ಅಂಚಿನ ಹಳ್ಳಿಯವರು ಯಲ್ಲಾಪುರದ ಸಭೆಗೆ ಬಂದು ಹೋಗಬೇಕೆಂದರೆ ಒಂದು ದಿನ ಪೂರ್ತಿ ಹೋಯಿತು. ಹಳ್ಳ ತುಂಬಿದರೆ, ಮರ ಬಿದ್ದು ರಸ್ತೆ ಕಟ್ಟಿದರೆ ಆ ದಿನವೂ ಸಾಲದು. ಕೊಳೆರೋಗದ ವಿಚಾರ, ಎಲೆಚುಕ್ಕಿ ರೋಗದ ವಿಚಾರ ಮಾತನಾಡಬೇಕಾದದ್ದು ಮಾತ್ರ ಸರಿಯಾಗಿ ಅದೇ ಕಾಲದಲ್ಲಿ. ಮದ್ದು ಹೊಡೆಯುವ ಹೊಳವು ಎರಡು ದಿನ ಸಿಕ್ಕರೆ ಹೆಚ್ಚು. ಆ ಎರಡು ದಿನಕ್ಕೆ ಮೊದಲೇ ತಿಳಿದವರ ಮಾತು ನಮ್ಮ ಕಿವಿಗೆ ಬೀಳಬೇಕು. ಈ ದೃಷ್ಟಿಯಿಂದ ವಿಡಿಯೋ ಸಭೆಯೆಂಬುದು ನಮಗೆ ಪಟ್ಟಣದವರಿಂದ ಅಂಟಿಸಿಕೊಂಡ ಶೋಕಿಯಲ್ಲ, ಬೇಸಾಯದ ಸಲಕರಣೆಗಳಲ್ಲಿ ಒಂದು.

2020ರ ಕೊರೊನಾ ಕಾಲದಲ್ಲಿ ಬೇರೆ ದಾರಿಯಿಲ್ಲದೆ ಇದನ್ನು ಎಲ್ಲರೂ ಕಲಿತೆವು. ಬೆಂಗಳೂರಿನಿಂದ ಊರಿಗೆ ಬಂದ ಮಕ್ಕಳು ಅಟ್ಟದ ಮೇಲೆ ಕುಳಿತು ಕಂಪೆನಿಯ ಕೆಲಸ ಮಾಡಿದರು; ಶಾಲೆಯ ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತಿ ಪಾಠ ಕೇಳಿದರು. ಅದೆಲ್ಲ ಮುಗಿದು ವರ್ಷಗಳಾದವು. ಆದರೆ ನಮ್ಮ ಸಹಕಾರ ಸಂಘಗಳು ಮಾತ್ರ ಅಂದು ಕೈಗೆ ಸಿಕ್ಕಿದ್ದನ್ನೇ ಇಂದಿಗೂ ಹಿಡಿದುಕೊಂಡಿವೆ. ಯಾರೋ ಒಬ್ಬರು ಯಾವುದೋ ಆ್ಯಪಿನ ಕೊಂಡಿ ಕಳಿಸುತ್ತಾರೆ. ಬಂದವರು ಬಂದರು, ಬಾರದವರು ಬಿಟ್ಟರು.

ಕಳೆದ ಮಳೆಗಾಲದಲ್ಲಿ ನಾವು ಏರ್ಪಡಿಸಿದ್ದ ಒಂದು ಸಭೆಯ ಕಥೆ ಹೇಳುತ್ತೇವೆ. ಎಲೆಚುಕ್ಕಿಯ ಬಗ್ಗೆ ಮಾತನಾಡಲು ಒಬ್ಬ ಸಸ್ಯರೋಗ ತಜ್ಞರು ಒಪ್ಪಿಕೊಂಡಿದ್ದರು. ಸಂಜೆ ನಾಲ್ಕಕ್ಕೆ ಸಭೆ. ಕೊಂಡಿ ಒತ್ತಿದೊಡನೆ ಆ್ಯಪನ್ನು ಹೊಸದಾಗಿ ಇಳಿಸಿಕೊಳ್ಳಿರೆಂದಿತು; ಹಳೆಯ ಫೋನಿನವರಲ್ಲಿ ಜಾಗವಿಲ್ಲ. ಶಾಖಾ ಕಚೇರಿಯ ಕಂಪ್ಯೂಟರು ಹಳೆಯ ವಿಂಡೋಸ್ 7ರದ್ದು, ಅದು ಒಳಗೇ ಬಿಡಲಿಲ್ಲ. ಊರಿನಲ್ಲಿದ್ದುಕೊಂಡು ಕೆಲಸ ಮಾಡುವ ಹುಡುಗನೊಬ್ಬನದು ಲಿನಕ್ಸ್ ಯಂತ್ರ. ಅವನಿಗೆ ಚಿತ್ರ ಬಂತು, ಧ್ವನಿ ಬರಲಿಲ್ಲ. ಮಗಳು ಕೊಡಿಸಿದ ಐಫೋನು ಹಿಡಿದ ಸದಸ್ಯೆಯೊಬ್ಬರಿಗೆ ಮೊದಲು ಖಾತೆ ತೆರೆಯಿರೆಂದು ಸೂಚನೆ. ಇಷ್ಟೆಲ್ಲ ಸುಧಾರಿಸಿಕೊಂಡು ತಜ್ಞರ ಮಾತು ಮುಗಿದು, ಇನ್ನೇನು ಪ್ರಶ್ನೆ ಕೇಳಬೇಕು ಎನ್ನುವಾಗ ಬಿಟ್ಟಿ ಸೇವೆಯ ನಲವತ್ತು ನಿಮಿಷ ತೀರಿ ಸಭೆಯೇ ಕಡಿದುಹೋಯಿತು. ತೋಟದಿಂದ ಸೋಂಕು ತಗುಲಿದ ಎಲೆ ಕೊಯ್ದು ತಂದು ಒದ್ದೆ ಗೋಣಿಯಲ್ಲಿ ಸುತ್ತಿಟ್ಟುಕೊಂಡಿದ್ದ ಹಿರಿಯರೊಬ್ಬರು, "ತಮ್ಮಾ, ಎಲೆ ತೋರಿಸೋ ಹೊತ್ತಿಗೆ ಬಾಗಿಲು ಹಾಕಿಬಿಟ್ರಲ್ಲೋ" ಎಂದರು. ಉತ್ತರ ಕೊಡಲು ನಮ್ಮ ಬಳಿ ಏನೂ ಇರಲಿಲ್ಲ. ಆ ಬಾಗಿಲು ನಮ್ಮದಾಗಿರಲಿಲ್ಲ, ಅಷ್ಟೆ.

ಇಲ್ಲಿ ತಪ್ಪು ಸದಸ್ಯರದಲ್ಲ. ನೂರಾರು ಮನೆಗಳ ಸಂಘದಲ್ಲಿ ಎಲ್ಲರ ಕೈಯಲ್ಲೂ ಒಂದೇ ತರಹದ ಯಂತ್ರವಿರಬೇಕೆಂದು ಬಯಸುವುದೇ ಅವಿವೇಕ. ಮೊಬೈಲುಗಳಲ್ಲಿ ಆಂಡ್ರಾಯ್ಡ್, ಐಒಎಸ್. ಕಂಪ್ಯೂಟರುಗಳಲ್ಲಿ ವಿಂಡೋಸ್, ಮ್ಯಾಕ್, ಲಿನಕ್ಸ್. ಹೀಗೆ ಯಂತ್ರವನ್ನು ನಡೆಸುವ ಮೂಲ ವ್ಯವಸ್ಥೆಗಳು ಹಲವು. ಅದರಲ್ಲೂ ಹೊಸತು, ಹಳತು. ಒಂದರಲ್ಲಿ ನಡೆಯುವುದು ಇನ್ನೊಂದರಲ್ಲಿ ನಡೆಯದ ಪಾಡು ನಮಗೆ ಹೊಸದೇನೂ ಅಲ್ಲ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಸಂಘದ ಒಂದು ಠರಾವನ್ನು ಒಂದು ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ ಕಳಿಸಿದರೆ, ಬೇರೆ ತಂತ್ರಾಂಶ ಇಟ್ಟುಕೊಂಡ ಇನ್ನೊಂದು ಕಚೇರಿಯಲ್ಲಿ ಅದು ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣಿಸುತ್ತಿದ್ದುದು ಹಳೆಯ ಗುಮಾಸ್ತರಿಗೆ ನೆನಪಿರಬಹುದು. ಆ ತೊಂದರೆ ತೀರಿದ್ದು ಎಲ್ಲರೂ ಒಂದೇ ಕಂಪೆನಿಯ ಯಂತ್ರ ಕೊಂಡಿದ್ದರಿಂದಲ್ಲ. ಎಲ್ಲ ಯಂತ್ರಗಳೂ ಒಪ್ಪುವ ಒಂದು ಬಹಿರಂಗ ಕಟ್ಟಳೆ ಬಂದಿದ್ದರಿಂದ.

ವಿಡಿಯೋ ಸಭೆಗೂ ಅಂಥ ಕಟ್ಟಳೆ ಬಂದು ಕೆಲವು ವರ್ಷಗಳೇ ಆಗಿವೆ. ಅದರ ಹೆಸರು ವೆಬ್‌ಆರ್‌ಟಿಸಿ. 2011ರಲ್ಲಿ ಗೂಗಲ್ ಸಂಸ್ಥೆ ಇದರ ಮೂಲ ಬರವಣಿಗೆಯನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. 2017ರಲ್ಲಿ ಆ್ಯಪಲ್‌ನ ಸಫಾರಿಯೂ ಒಪ್ಪಿಕೊಂಡಿತು. 2021ರ ಜನವರಿಯಲ್ಲಿ ಜಾಗತಿಕ ಜಾಲದ ನಿಯಮ ರೂಪಿಸುವ ಡಬ್ಲ್ಯು3ಸಿ ಇದನ್ನು ಅಧಿಕೃತ ಶಿಫಾರಸ್ಸೆಂದು ಪ್ರಕಟಿಸಿತು. ಇದರ ಪ್ರಯೋಜನವೇನೆಂದರೆ, ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೊದಲಾದ ಯಾವುದೇ ಸಾಮಾನ್ಯ ಬ್ರೌಸರಿನಲ್ಲಿ, ಬೇರೆ ಏನನ್ನೂ ಇಳಿಸಿಕೊಳ್ಳದೆ, ಮುಖ ನೋಡಿ ಮಾತನಾಡಬಹುದು. ಪೇಟೆಧಾರಣೆ ನೋಡಲು ಬ್ರೌಸರು ತೆರೆಯಬಲ್ಲವರು ಸಭೆಗೂ ಬರಬಲ್ಲರು.

ಈ ಕಟ್ಟಳೆಯ ಮೇಲೆ ಕಟ್ಟಿದ ಮುಕ್ತ ತಂತ್ರಾಂಶಗಳಲ್ಲಿ ಎರಡನ್ನು ಮುಖ್ಯವಾಗಿ ಹೇಳಬೇಕು. ಒಂದು ಜಿಟ್ಸಿ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಎಮಿಲ್ ಇವೊವ್ ಎಂಬ ವಿದ್ಯಾರ್ಥಿ 2003ರಲ್ಲಿ ಆರಂಭಿಸಿದ್ದು ಇದು. ಇನ್ನೊಂದು ಬಿಗ್‌ಬ್ಲೂಬಟನ್, ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ಹುಟ್ಟಿದ್ದು. ಮೊದಲನೆಯದು ಮಾತುಕತೆಗೆ ಹೇಳಿಸಿದ್ದು. ಎರಡನೆಯದು ಪಾಠಕ್ಕೆ, ಉಪನ್ಯಾಸಕ್ಕೆ. ಅದರಲ್ಲಿ ಕಪ್ಪುಹಲಗೆ, ಕೈಯೆತ್ತುವ ಸೌಕರ್ಯ, ಅಭಿಪ್ರಾಯ ಎಣಿಸುವ ಸೌಕರ್ಯ ಎಲ್ಲ ಇವೆ. ಆದರೆ ಯಂತ್ರಬಲ ಹೆಚ್ಚು ಬೇಡುತ್ತದೆ. ಸಂಘದ ಸಣ್ಣ ಕೆಲಸಕ್ಕೆ ಜಿಟ್ಸಿ ಸಾಕೆಂದು ನಮ್ಮ ಅಭಿಪ್ರಾಯ. ಫ್ರಾನ್ಸಿನ ಸರಕಾರ ತನ್ನ ನೌಕರರ ಸಭೆಗಳಿಗೆ ಜಿಟ್ಸಿಯ ಮೇಲೆ ಕಟ್ಟಿದ ಸ್ವಂತ ಏರ್ಪಾಡು ಮಾಡಿಕೊಂಡಿತ್ತು. ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ಪ್ರಾಂತ್ಯ ತನ್ನ ಶಾಲೆಗಳಿಗೆ ಬಿಗ್‌ಬ್ಲೂಬಟನ್ ಕೊಟ್ಟಿತು. ಸರಕಾರಗಳು ನೆಚ್ಚಿದ್ದನ್ನು ನಾವೂ ನೆಚ್ಚಬಹುದು.

ಮುಕ್ತ ತಂತ್ರಾಂಶವೆಂದರೇನು ಎಂದು ಕೇಳುವವರಿಗೆ ನಾವು ಬೋರ್ಡೋ ದ್ರಾವಣವನ್ನೇ ತೋರಿಸುತ್ತೇವೆ. 1885ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಮಿಲಾರ್ಡೆ ಎಂಬ ಪ್ರಾಧ್ಯಾಪಕರು ದ್ರಾಕ್ಷಿಯ ರೋಗಕ್ಕೆಂದು ಅದರ ಕ್ರಮವನ್ನು ಪ್ರಕಟಿಸಿದರು. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ಅಡಿಕೆಯ ಕೊಳೆಗೆ ಹೊಂದಿಸಿ ಬಳಕೆಗೆ ತಂದರು. (ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೂ ಅವರದೇ ಅಸ್ತಿವಾರ, ಅಡಿಕೆಯ ನಡುವೆ ಕಾಫಿ ಹಾಕಿದ ನಮ್ಮವರು ಅವರಿಗೆ ಎರಡು ಬಾರಿ ಋಣಿಗಳು.) ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಇದು ಯಾರ ಗುಟ್ಟೂ ಅಲ್ಲ. ಮನೆಯಲ್ಲೇ ಕಲಸಬಹುದು, ತಿಳಿದವರಿಂದ ಕಲಸಿಸಬಹುದು. ಸರಿಯಾಗಿದೆಯೋ ಎಂದು ನೋಡಲು ಹೊಳೆಯುವ ಕತ್ತಿ ಅದ್ದಿ ತೆಗೆದರಾಯಿತು. ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಮುಕ್ತ ತಂತ್ರಾಂಶವೂ ಹೀಗೆಯೇ. ಅದರ ಕ್ರಮ ಬಹಿರಂಗ. ತಿಳಿದವರು ಯಾರು ಬೇಕಾದರೂ ಒಳಗೆ ಏನಿದೆಯೆಂದು ನೋಡಬಹುದು, ತಿದ್ದಬಹುದು, ತಮ್ಮದೇ ಯಂತ್ರದಲ್ಲಿ ನಡೆಸಬಹುದು. ಮಾಡಿದ ಕಂಪೆನಿ ನಾಳೆ ಮಾರಾಟವಾದರೂ ಕ್ರಮ ಉಳಿಯುತ್ತದೆ. ಜಿಟ್ಸಿಯೇ 2015ರಲ್ಲಿ ಅಟ್ಲಾಸಿಯನ್ ಎಂಬ ಕಂಪೆನಿಯ ಪಾಲಾಯಿತು, 2018ರಲ್ಲಿ 8x8 ಎಂಬ ಇನ್ನೊಂದರ ಪಾಲಾಯಿತು. ತಂತ್ರಾಂಶ ಮಾತ್ರ ಎಂದಿನಂತೆ ಎಲ್ಲರಿಗೂ ದೊರೆಯುತ್ತಲೇ ಇದೆ.

ಇದಕ್ಕೆ ಪ್ರತಿಯಾಗಿ ಸ್ಕೈಪಿನ ಗತಿ ನೋಡಿ. 2003ರಲ್ಲಿ ಹುಟ್ಟಿ, ಹೊರದೇಶದಲ್ಲಿದ್ದ ಮಕ್ಕಳ ಮುಖವನ್ನು ನಮ್ಮ ಎಷ್ಟೋ ಮನೆಗಳ ಅಜ್ಜಿಯರಿಗೆ ತೋರಿಸಿದ ಸ್ಕೈಪನ್ನು ಮೈಕ್ರೋಸಾಫ್ಟ್ 2011ರಲ್ಲಿ ಕೊಂಡಿತು, 2025ರ ಮೇ 5ರಂದು ಮುಚ್ಚಿತು. ನೆಚ್ಚಿದವರು ಗಂಟು ಮೂಟೆ ಕಟ್ಟಿಕೊಂಡು ಬೇರೆ ಕಡೆ ಹೋಗಬೇಕಾಯಿತು. ಕಂಪೆನಿಯ ವ್ಯವಹಾರ ಕಂಪೆನಿಯದು. ಅದನ್ನು ದೂರಿ ಫಲವಿಲ್ಲ. 2020ರ ಏಪ್ರಿಲ್ 16ರಂದು ಕೇಂದ್ರ ಗೃಹ ಇಲಾಖೆಯು ಜೂಮ್ ಸುರಕ್ಷಿತವಲ್ಲವೆಂದು ಸೂಚನೆ ಹೊರಡಿಸಿದಾಗಲೂ ಜನ ಹೀಗೆಯೇ ಗಲಿಬಿಲಿಗೊಂಡರು. ಅದೇ ವರ್ಷ ಕೇಂದ್ರ ಸರಕಾರ ದೇಶೀ ವಿಡಿಯೋ ಸಭೆಯ ತಂತ್ರಾಂಶಕ್ಕೆ ಸ್ಪರ್ಧೆ ಇಟ್ಟಿತು. ಒಂದು ಕೋಟಿ ರೂಪಾಯಿ ಬಹುಮಾನ ಗೆದ್ದುದು ಕೇರಳದ ಆಲಪ್ಪುಳದ ಟೆಕ್‌ಜೆಂಶಿಯಾ ಎಂಬ ಸಣ್ಣ ಸಂಸ್ಥೆ. ತೆಂಗಿನ ನಾರಿನ ಊರಿನಲ್ಲಿ ಆದದ್ದು ಅಡಿಕೆಯ ಊರಿನಲ್ಲಿ ಆಗಬಾರದೆಂದೇನಿಲ್ಲ. ನಮ್ಮ ಮಕ್ಕಳು ಇದೇ ಕೆಲಸವನ್ನು ಬೆಂಗಳೂರಿನ ಕಂಪೆನಿಗಳಿಗೆ ಮಾಡಿಕೊಡುತ್ತಿದ್ದಾರೆ.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ತಂತ್ರಾಂಶ ಮುಕ್ತವಾಗಿದ್ದರೂ ಅದನ್ನು ಇನ್ನೊಬ್ಬರ ಯಂತ್ರದಲ್ಲಿ ಬಿಟ್ಟಿಯಾಗಿ ಬಳಸಿದರೆ ಬಾಗಿಲು ಮತ್ತೆ ಇನ್ನೊಬ್ಬರ ಕೈಯಲ್ಲೇ. ಜಿಟ್ಸಿಯ ಸಾರ್ವಜನಿಕ ತಾಣದಲ್ಲಿ ಹಿಂದೆ ಯಾರು ಬೇಕಾದರೂ ಹೆಸರು ಹೇಳದೆ ಸಭೆ ಕರೆಯಬಹುದಿತ್ತು. ದುರುಪಯೋಗ ಹೆಚ್ಚಾಯಿತೆಂದು 2023ರ ಆಗಸ್ಟಿನಿಂದ ಸಭೆ ಕರೆಯುವವರು ಗೂಗಲ್, ಫೇಸ್‌ಬುಕ್ ಅಥವಾ ಗಿಟ್‌ಹಬ್ ಖಾತೆಯಿಂದ ಒಳಬರಬೇಕೆಂದು ನಿಯಮ ಮಾಡಿದರು. ಅವರ ದೃಷ್ಟಿಯಿಂದ ಅದು ಸರಿಯೇ. ಗುಟ್ಟಿನ ಪ್ರಶ್ನೆಯೂ ಇದೆ. ಜಿಟ್ಸಿಯಲ್ಲಿ ಮಾತು ಮತ್ತು ಚಿತ್ರ ನಮ್ಮ ಫೋನಿನಿಂದ ನಡುವಿನ ಯಂತ್ರದವರೆಗೆ ಬೀಗ ಹಾಕಿಕೊಂಡೇ ಹೋಗುತ್ತವೆ. ಆದರೆ ಆ ನಡುವಿನ ಯಂತ್ರದಲ್ಲಿ ಬೀಗ ತೆರೆದು ಮತ್ತೆ ಹಾಕಲಾಗುತ್ತದೆ. ಕೊನೆಯಿಂದ ಕೊನೆಯವರೆಗೆ ಬೀಗ ಹಾಕುವ ಸೌಕರ್ಯ ಬೇರೆಯಾಗಿ ಇದೆ, ಎಲ್ಲ ಬ್ರೌಸರುಗಳಲ್ಲೂ ನಡೆಯುವುದಿಲ್ಲ. ಹಾಗಾಗಿ ನಡುವಿನ ಯಂತ್ರ ಯಾರದೆಂಬುದು ಮುಖ್ಯ. ಸಾಲದ ವಿಚಾರ, ದಾಸ್ತಾನಿನ ವಿಚಾರ, ಚಾಲಿಗೆ ಎಷ್ಟು ದರ ಬಂದರೆ ಬಿಡುವುದೆಂಬ ವಿಚಾರ ಮಾತನಾಡುವ ಆಡಳಿತ ಮಂಡಳಿಗಂತೂ ಅದು ತಮ್ಮದೇ ಆಗಿರಬೇಕು.

ಆದ್ದರಿಂದ ನಮ್ಮ ಸಲಹೆ ಇಷ್ಟು: ಮೂರೂ ತಾಲೂಕಿನ ಸಂಘಗಳು ಸೇರಿ ಒಂದು ಸರ್ವರನ್ನು ಬಾಡಿಗೆಗೆ ಹಿಡಿದು ಅದರಲ್ಲಿ ಜಿಟ್ಸಿ ಇಡಬೇಕು. ಸಣ್ಣ ಸಂಸ್ಥೆಗೆ ನಾಲ್ಕು ಕೋರು, 8 ಜಿಬಿ ನೆನಪಿನ ಯಂತ್ರ ಸಾಕೆಂದು ಮಾಡಿದವರೇ ಹೇಳುತ್ತಾರೆ. ತಂತ್ರಾಂಶಕ್ಕೆ ಹಣವಿಲ್ಲ; ಬಾಡಿಗೆಗೆ ಮತ್ತು ನೋಡಿಕೊಳ್ಳುವವರ ಶ್ರಮಕ್ಕೆ ಹಣ ಬೇಕು. ಲಿನಕ್ಸ್ ಬಲ್ಲ ಹುಡುಗರಿಗೆ ಇದನ್ನು ನಿಲ್ಲಿಸುವುದು ಒಂದು ಸಂಜೆಯ ಕೆಲಸ. ನಿಲ್ಲಿಸಿದ್ದನ್ನು ವರ್ಷಾನುಗಟ್ಟಲೆ ನೋಡಿಕೊಳ್ಳುವುದೇ ಕಷ್ಟದ್ದು. ಪಂಪ್‌ಸೆಟ್ಟು ಕೂರಿಸಿದವನು ಬೇರೆ, ಬೆಳಗಿನ ಜಾವ ಫುಟ್‌ವಾಲ್ವಿನ ಕಸ ತೆಗೆಯುವವನು ಬೇರೆ. ಪುಕ್ಕಟೆ ಸೇವೆಗೆಂದು ಯಾವನೋ ಉತ್ಸಾಹಿಯ ಮೇಲೆ ಹೊರಿಸಿ, ಅವನು ಊರು ಬಿಟ್ಟ ದಿನ ಗುಪ್ತಪದ ಯಾರಿಗೂ ಗೊತ್ತಿಲ್ಲವೆನ್ನುವ ಸ್ಥಿತಿ ತಂದುಕೊಳ್ಳಬಾರದು. ಈ ಕೆಲಸಕ್ಕೆ ಸಂಭಾವನೆ ಇಟ್ಟು, ಗುಪ್ತಪದವನ್ನು ಕಾರ್ಯದರ್ಶಿಗಳ ಕಪಾಟಿನಲ್ಲಿ ಮೊಹರು ಮಾಡಿ ಇಡತಕ್ಕದ್ದು.

ಶಿರಸಿ ಸುಪಾರಿ ಎಂಬ ಹೆಸರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಈ ಮೂರು ತಾಲೂಕುಗಳಿಗೆ ಒಟ್ಟಾಗಿಯೇ. ಒಂದೇ ಹೆಸರಿನಲ್ಲಿ ಮಾಲು ಮಾರುವವರು ಒಂದು ಸರ್ವರಿನ ಬಾಡಿಗೆ ಹಂಚಿಕೊಳ್ಳಲಾರರೆಂದು ನಾವು ನಂಬುವುದಿಲ್ಲ.

ಹಾಗೆಂದು ಇದರಿಂದ ಎಲ್ಲ ಸರಿಹೋಗುತ್ತದೆಂದು ನಾವು ಹೇಳುವುದಿಲ್ಲ. ಕರೆಂಟು ಹೋದರೆ ಟವರು ಮಲಗುತ್ತದೆ. ಟವರು ಮಲಗಿದ ಮೇಲೆ ಮುಕ್ತ ತಂತ್ರಾಂಶವೂ ಒಂದೇ, ಮುಚ್ಚಿದ ತಂತ್ರಾಂಶವೂ ಒಂದೇ. ಆದರೆ ಬಡಕಲು ಸಿಗ್ನಲ್ಲಿನಲ್ಲಿ ಹೇಗೆ ನಡೆಸಬೇಕೆಂಬುದು ನಮ್ಮ ಕೈಯಲ್ಲಿದೆ. ಜಿಟ್ಸಿಯ ನಡುವಿನ ಯಂತ್ರ ಕೆಲಸ ಮಾಡುವ ರೀತಿ ನಮ್ಮ ಸಂಘದ ಅಂಗಳದ್ದೇ. ಪ್ರತಿಯೊಬ್ಬರೂ ತಮ್ಮ ಚಿತ್ರವನ್ನು ಒಂದು ಕಡೆಗೆ ಮಾತ್ರ ಕಳಿಸುತ್ತಾರೆ. ಅಲ್ಲಿಂದ ಉಳಿದವರಿಗೆ ಹಂಚಿಕೆ. ಕಳಿಸುವಾಗಲೇ ದೊಡ್ಡದು, ನಡುವಣದು, ಸಣ್ಣದು ಎಂದು ಚಿತ್ರವನ್ನು ಎರಡು ಮೂರು ದರ್ಜೆಯಲ್ಲಿ ಕಳಿಸುವುದರಿಂದ, ದುರ್ಬಲ ಸಂಪರ್ಕದವರಿಗೆ ಸಣ್ಣದನ್ನು ಆರಿಸಿ ಕೊಡಲು ಬರುತ್ತದೆ.

ಚಿತ್ರವನ್ನೇ ಬಿಟ್ಟರೆ ಇನ್ನೂ ಹಗುರ. ಒಂದು ಮೆಗಾಬಿಟ್ ವೇಗದ ಚಿತ್ರಕ್ಕೆ ಗಂಟೆಗೆ 450 ಎಂಬಿ ಬೇಕು. ಧ್ವನಿಗೆ ಬಳಸುವ ಓಪಸ್ ಎಂಬ ಕ್ರಮ (ಇದೂ ಮುಕ್ತವಾದದ್ದೇ, 2012ರಲ್ಲಿ ನಿಗದಿಯಾದದ್ದು) ಗಂಟೆಗೆ 20-30 ಎಂಬಿಯಲ್ಲಿ ಮಾತನ್ನು ಸ್ಪಷ್ಟವಾಗಿ ಮುಟ್ಟಿಸುತ್ತದೆ. ಸಭೆ ಶುರುವಾಗುವಾಗ ಒಮ್ಮೆ ಮುಖ ತೋರಿಸಿ ನಮಸ್ಕಾರ ಹೇಳಿ, ಆಮೇಲೆ ಮಾತನಾಡುವವರ ಚಿತ್ರವೊಂದನ್ನು ಬಿಟ್ಟು ಉಳಿದದ್ದನ್ನು ಆರಿಸಿಡಬೇಕು. ತೋಟದ ನಡುವೆ ನಿಂತು ಎಲೆ ತೋರಿಸುತ್ತೇನೆನ್ನುವ ಹಟವೂ ಬೇಡ. ಬೆಳಕಿರುವಾಗ ಎಲೆಯ ಎರಡೂ ಮಗ್ಗುಲಿನ ಫೋಟೋ ತೆಗೆದಿಟ್ಟುಕೊಂಡು, ಸಿಗ್ನಲ್ ಇರುವಲ್ಲಿಂದ ತೋರಿಸಿದರೆ ತಜ್ಞರಿಗೂ ಚೆನ್ನಾಗಿ ಕಾಣುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಇನ್ನೂರು ಫೋನುಗಳನ್ನು ಕೂಡಿಸುವ ಬದಲು ಮೂರು ಕೋಣೆಗಳನ್ನು ಕೂಡಿಸುವುದು ನಮಗೆ ಒಗ್ಗುವ ಕ್ರಮ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಚೇರಿಗಳಲ್ಲಿ ಒಂದೊಂದು ದೊಡ್ಡ ಪರದೆ, ಒಂದೊಂದು ಒಳ್ಳೆಯ ಮೈಕು, ಕರೆಂಟು ಹೋದರೆ ಒಂದೆರಡು ಗಂಟೆ ನಡೆಸುವ ಇನ್ವರ್ಟರು ಇದ್ದರೆ, ಫೋನಿಲ್ಲದವರೂ ಹತ್ತಿರದ ಕಚೇರಿಗೆ ಬಂದು ಕುಳಿತು ಕೇಳಬಹುದು. ಪರದೆಗೆ ಖರ್ಚು ಮಾಡುವಷ್ಟೇ ಗಮನವನ್ನು ಮೈಕಿಗೂ ಕೊಡಿ. ಮುಖ ಮಸುಕಾದರೆ ನಡೆಯುತ್ತದೆ, "ಎರಡು ಗ್ರಾಂ" ಎಂದದ್ದು "ಇಪ್ಪತ್ತು ಗ್ರಾಂ" ಎಂದು ಕೇಳಿಸಿದರೆ ತೋಟ ಸುಟ್ಟೀತು. ಕಚೇರಿಗಳ ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕುವ ಅವಸರವೂ ಬೇಡ. ವಿಂಡೋಸ್ 7ಕ್ಕೆ ಕ್ರೋಮ್ 2023ರಿಂದ ಹೊಸ ಆವೃತ್ತಿ ಕೊಡುವುದನ್ನು ನಿಲ್ಲಿಸಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂಥ ಎಷ್ಟೋ ಯಂತ್ರಗಳು ಲಿನಕ್ಸ್ ಹಾಕಿದರೆ ಸಭೆಯ ಮಟ್ಟಿಗೆ ಇನ್ನೂ ಕೆಲವು ವರ್ಷ ದುಡಿಯುತ್ತವೆ.

ವಾರ್ಷಿಕ ಸರ್ವಸಾಧಾರಣ ಸಭೆಯನ್ನೂ ಹೀಗೆಯೇ ಮುಗಿಸಬಹುದಲ್ಲವೇ ಎಂದು ಕೆಲವರು ಕೇಳಿದ್ದಾರೆ. 2020ರಲ್ಲಿ ಕೇಂದ್ರದ ಕಂಪೆನಿ ವ್ಯವಹಾರಗಳ ಇಲಾಖೆಯು ವಿಡಿಯೋ ಮೂಲಕ ಮಹಾಸಭೆ ನಡೆಸಲು ಅನುಮತಿ ಕೊಟ್ಟಿದ್ದು ಕಂಪೆನಿಗಳಿಗೆ. ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯಡಿ ನಡೆಯುವ ನಮಗೆ ಆ ಸುತ್ತೋಲೆ ಅನ್ವಯಿಸುವುದಿಲ್ಲ. ಕಾನೂನು ಹಾಗಿರಲಿ, ನಮಗೇ ಅದು ಸಮ್ಮತವಿಲ್ಲ. ಲೆಕ್ಕಪತ್ರದ ಮೇಲೆ ಎದ್ದು ನಿಂತು ಪ್ರಶ್ನೆ ಕೇಳುವ ಸದಸ್ಯರ ಧ್ವನಿಯನ್ನು ಒಂದು ಗುಂಡಿ ಒತ್ತಿ ಅಡಗಿಸುವ ಅಧಿಕಾರ ಅಧ್ಯಕ್ಷರ ಕೈಗೆ ಬರುವುದು ಒಳ್ಳೆಯದಲ್ಲ. ನಮ್ಮ ಮಹಾಸಭೆಗಳಲ್ಲಿ ಗದ್ದಲವಾಗುವುದುಂಟು, ಊಟ ತಡವಾಗುವುದುಂಟು. ಆದರೂ ಅದು ಸಭಾಭವನದಲ್ಲಿಯೇ ನಡೆಯಲಿ. ವಿಡಿಯೋ ಏರ್ಪಾಡು ತಜ್ಞರ ಮಾತಿಗೆ, ಉಪಸಮಿತಿಗಳಿಗೆ, ಶಾಖೆಗಳ ನಡುವಿನ ದಿನನಿತ್ಯದ ವಿಚಾರ ವಿನಿಮಯಕ್ಕೆ ಇರಲಿ. ಇದುವರೆಗೆ ಸಭೆಗೆ ಬಂದರೂ ಹಿಂದಿನ ಸಾಲಿನಲ್ಲಿ ಕುಳಿತು ಎದ್ದುಹೋಗುತ್ತಿದ್ದ ಸದಸ್ಯೆಯರು ಮನೆಯಿಂದಲೇ ಕೇಳುವ ಪ್ರಶ್ನೆಗಳು ಬಹಳ ಖಚಿತವಾಗಿರುತ್ತವೆಂಬುದನ್ನು ನಾವು ಕಂಡಿದ್ದೇವೆ. ಕೊಟ್ಟೆ ಕಟ್ಟುವುದರಿಂದ ಹಿಡಿದು ಅಡಿಕೆ ಬೇಯಿಸುವವರೆಗೆ ಕೆಲಸದ ಒಳಹೊರಗು ಅವರಿಗೆ ಗೊತ್ತು.

ಮೊದಲ ಹೆಜ್ಜೆಗೆ ಹಣ ಬೇಕಿಲ್ಲ. ಸದಸ್ಯರು ತಮ್ಮ ಮನೆಯಲ್ಲಿ ಯಾವ ಫೋನು, ಯಾವ ಕಂಪ್ಯೂಟರು ಇದೆ, ಕೊಂಡು ಸುಮಾರು ಎಷ್ಟು ವರ್ಷವಾಯಿತು, ಮನೆಯ ಯಾವ ಭಾಗದಲ್ಲಿ ಸಿಗ್ನಲ್ ಸಿಗುತ್ತದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು, ಮುಂದಿನ ಸಲ ಅಡಿಕೆ ಹಾಕಲು ಬಂದಾಗ ಶಾಖೆಯ ಗುಮಾಸ್ತರ ಕೈಯಲ್ಲಿ ಕೊಡಬೇಕಾಗಿ ಕೋರುತ್ತೇವೆ. ಆ ಚೀಟಿಗಳನ್ನು ಮುಂದಿಟ್ಟುಕೊಂಡು, ಅತಿ ಹಳೆಯ ಹತ್ತು ಯಂತ್ರಗಳನ್ನು ಆರಿಸಿ, ಒಂದು ಸಂಜೆ ಜಿಟ್ಸಿಯಲ್ಲಿ ಕೂಡಿಸಿ ನೋಡುತ್ತೇವೆ. ಅವು ಹತ್ತೂ ಒಳಬಂದರೆ ವಿಷಯವನ್ನು ಆಡಳಿತ ಮಂಡಳಿಯ ಮುಂದಿಡಲಾಗುವುದು. ಒದ್ದೆ ಗೋಣಿಯಲ್ಲಿ ಎಲೆ ಸುತ್ತಿಟ್ಟುಕೊಂಡಿದ್ದ ಹಿರಿಯರ ಫೋನು ಆ ಹತ್ತರಲ್ಲಿ ಈಗಾಗಲೇ ಸೇರಿದೆ.